ಕತ್ತಿ ಕೆಂಪಾದರೆ ಸುಣ್ಣ ಸಾಲದು

ನಮ್ಮ ಮಾವ ಯಾವ ಕೆಲಸಕ್ಕೂ ಗಡಿಬಿಡಿ ಮಾಡಿದವರಲ್ಲ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗಿಟ್ಟುಕೊಂಡೇ ಹೊರಡುವ ಆಸಾಮಿ. ಆದರೆ ಮೇ ತಿಂಗಳ ಕೊನೆಯ ವಾರ ಬಂತೆಂದರೆ ಬೇರೆಯೇ ಮನುಷ್ಯ. ಗಳಿಗೆಗೊಮ್ಮೆ ಅಂಗಳಕ್ಕೆ ಬಂದು ಆಗುಂಬೆ ದಿಕ್ಕಿನ ಆಕಾಶ ನೋಡುವುದು, ಮರ ಹತ್ತುವವರ ಮನೆಗೆ ಮತ್ತೆ ಮತ್ತೆ ಹೇಳಿಕಳಿಸುವುದು, ಪಂಪಿನ ವಾಷರ್ ಬಿಚ್ಚಿ ಮತ್ತೆ ಹಾಕುವುದು. ಮಳೆ ಹಿಡಿಯುವುದರೊಳಗೆ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆದು ಮುಗಿಸಬೇಕಲ್ಲ.

ನಾನು ತೀರ್ಥಹಳ್ಳಿಯಾಚೆಗಿನ ಈ ಮನೆಗೆ ಸೊಸೆಯಾಗಿ ಬಂದದ್ದು 1998ರಲ್ಲಿ. ಶಿವಮೊಗ್ಗ ಪೇಟೆಯಲ್ಲಿ ಬೆಳೆದವಳು. ಅಡಿಕೆ ಎಂದರೆ ಗಾಂಧಿ ಬಜಾರಿನ ಅಂಗಡಿಯಲ್ಲಿ ಡಬ್ಬಿಯೊಳಗೆ ಇರುವ ಪದಾರ್ಥ ಅಂದುಕೊಂಡಿದ್ದೆ. ಮೊದಲ ವರ್ಷ ಔಷಧಿ ಕಲಸುವುದನ್ನು ನೋಡುತ್ತಾ ಜಗಲಿ ಮೇಲೆ ನಿಂತಿದ್ದಾಗ ಮಾವ ಕರೆದರು. "ಬಾರಮ್ಮ, ನೀನು ಲೆಕ್ಕದ ಟೀಚರ್ ಅಲ್ವಾ? ಇದೂ ಲೆಕ್ಕವೇ."

ಲೆಕ್ಕವೇ ಹೌದು. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರು, 1 ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟಿದ್ದು ಬೆಳಗಾಗುವ ಹೊತ್ತಿಗೆ ಕರಗಿ ನವಿಲಿನ ಕತ್ತಿನ ಬಣ್ಣ ಬಂದಿರುತ್ತದೆ. ಇನ್ನೊಂದರಲ್ಲಿ 50 ಲೀಟರ್ ನೀರು, 1 ಕೆಜಿ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಬಿಡುತ್ತಾ ಮರದ ಕೋಲಿನಿಂದ ತಿರುವಬೇಕು. ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಕೊನೆಗೆ ಪರೀಕ್ಷೆ. ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು ತೆಗೆಯುವುದು. ಕತ್ತಿ ಹಾಗೇ ಇದ್ದರೆ ಔಷಧಿ ಸರಿ ಇದೆ. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹಾಗೇ ಹೊಡೆದರೆ ಕೊನೆಯೇ (ಅಡಿಕೆ ಗೊನೆ) ಸುಟ್ಟುಹೋಗುತ್ತದೆ. ಕಲಸಿದ್ದನ್ನು ಅವತ್ತೇ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ.

ಈ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದ್ದು ಅಂತ ನನಗೆ ಆಮೇಲೆ ಗೊತ್ತಾಯಿತು. ದಾರಿ ಬದಿಯ ಬಳ್ಳಿಯಿಂದ ಹಣ್ಣು ಕದಿಯುವವರನ್ನು ಹೆದರಿಸಲು ಸುಣ್ಣ ಮೈಲುತುತ್ತ ಎರಚುತ್ತಿದ್ದರಂತೆ. ಎರಚಿದ ಬಳ್ಳಿಗೆ ರೋಗ ಬರಲಿಲ್ಲ ಅನ್ನುವುದನ್ನು ಮಿಲ್ಲಾರ್ಡೆ ಎಂಬ ವಿಜ್ಞಾನಿ ಗಮನಿಸಿದ. ಅದು 1880ರ ದಶಕದ ಮಾತು. ನಮ್ಮ ಕಡೆ ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಬರೆದರು. ಅವರು ಇಂಗ್ಲಿಷಿನಲ್ಲಿ ಬರೆದರೂ ರೋಗದ ಹೆಸರನ್ನು ಮಾತ್ರ 'ಕೊಳೆರೋಗ' ಅಂತಲೇ ಇಟ್ಟರು. ಮಲೆನಾಡಿನ ಮಳೆ ಇಂಗ್ಲಿಷಿಗೆ ಕೊಟ್ಟ ಪದ ಅದೊಂದೇ ಇರಬೇಕು ಅಂತ ನಾನು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುವುದುಂಟು.

ಅವತ್ತು ನಾನು ಮಾವನನ್ನು ಕೇಳಿದ್ದೆ. ಮಳೆ ಶುರುವಾಗಿ, ರೋಗ ಕಂಡ ಮೇಲೆ ಹೊಡೆದರೆ ಆಗಲ್ವಾ, ಈಗಲೇ ಯಾಕೆ ಇಷ್ಟು ಖರ್ಚು ಅಂತ. ಅವರು ನಕ್ಕರು. "ಹೆಸರಿಗೆ ಔಷಧಿ ಅಂತೀವಿ. ಇದು ಔಷಧಿ ಅಲ್ಲಮ್ಮ, ಕೊಡೆ. ನೆಂದ ಮೇಲೆ ಬಿಚ್ಚಿದ್ರೆ ಎಂತ ಬಂತು?"

ಈ ಮಾತು ನೆನಪಾಗಲು ಕಾರಣ ಒಬ್ಬಳು ಹುಡುಗಿ. ಈ ವರ್ಷ ಹತ್ತನೇ ತರಗತಿಯವರ ಬೀಳ್ಕೊಡುಗೆ ದಿನ ಉಪ್ಪಿಟ್ಟು ಕೇಸರಿಬಾತ್ ಆದ ಮೇಲೆ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ವರ್ಷವಿಡೀ ಬಾಯಿ ಬಿಡದ ಆ ಹುಡುಗಿ ಎದ್ದು ನಿಂತಳು. "ಟೀಚರ್, ನಿಮಗೆ ಇನ್ನೂ ಮುಂಚೆನೇ ಗೊತ್ತಾಗಿದ್ರೆ ಚೆನ್ನಾಗಿತ್ತು ಅನ್ಸೋದು ಏನಾದ್ರೂ ಇದ್ಯಾ?" ನಾನು ಪರಿಶ್ರಮ, ಪ್ರಾಮಾಣಿಕತೆ, ಸಮಯಪ್ರಜ್ಞೆ ಅಂತ ಏನೋ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗಿ ಮಾತ್ರ ತಟ್ಟಲಿಲ್ಲ. ಉತ್ತರ ತಪ್ಪಾದಾಗ ಮಕ್ಕಳಿಗೆ ನಾನು ಹೇಗೆ ಮುಖ ಮಾಡುತ್ತೇನೋ, ಹಾಗೆಯೇ ಅವಳೂ ಮಾಡಿದಳು.

ಸಂಜೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಕೊರೆಯಿತು. ನಿಜ ಹೇಳಬೇಕೆಂದರೆ ನನಗೆ ಯಾವ ಪಾಠವೂ ತಡವಾಗಿ ಗೊತ್ತಾಗಿಲ್ಲ. ಎಲ್ಲ ಹೊತ್ತಿಗೆ ಸರಿಯಾಗಿಯೇ ಗೊತ್ತಿತ್ತು. ಗೊತ್ತಿದ್ದದ್ದು ಇದ್ದ ಕಡೆಯೇ ಇತ್ತು, ಅಷ್ಟೆ. ತೋಟದ್ದು ತೋಟದ ಬೇಲಿಯೊಳಗೆ, ಶಾಲೆಯದ್ದು ಕಪ್ಪು ಹಲಗೆ ಮೇಲೆ, ಅಮ್ಮ ಹೇಳಿದ್ದು ಗಾದೆಯಲ್ಲಿ. ಬೇಲಿ ದಾಟಿ ಮನೆಯೊಳಗೆ ಬರಲಿಲ್ಲ.

ಮಾವನದ್ದೇ ನೋಡಿ. 2011ರಲ್ಲಿ ನಮ್ಮ ಶಾಲೆಯಲ್ಲಿ ಆರೋಗ್ಯ ತಪಾಸಣೆ ಶಿಬಿರ ಇತ್ತು. ಬಲವಂತವಾಗಿ ಕರೆದುಕೊಂಡು ಹೋದೆ. ಬಿಪಿ 170, ಕೆಳಗಿನದ್ದು 100. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಒಂದೂವರೆ ತಿಂಗಳು ತಗೊಂಡರು. ಮತ್ತೆ ತೋರಿಸಿದಾಗ 130 ಇತ್ತು. "ಸರಿಯಾಯ್ತಲ್ಲ" ಅಂತ ಮಾತ್ರೆ ನಿಲ್ಲಿಸಿದರು. ತಲೆನೋವಿಲ್ಲ, ಸುಸ್ತಿಲ್ಲ, ತೋಟಕ್ಕೆ ದಿನಾ ಎರಡು ಸಲ ಇಳಿದು ಹತ್ತುವ ಮನುಷ್ಯ. ಏನೂ ಆಗದವರಿಗೆ ಮಾತ್ರೆ ಯಾಕೆ? ನಾವೂ ಸುಮ್ಮನಾದೆವು. ಏನೂ ಆಗದ ಅಡಿಕೆ ಕೊನೆಗೆ ಔಷಧಿ ಹೊಡೆಯಲು ವರ್ಷಾ ಸಾವಿರಗಟ್ಟಲೆ ಸುರಿಯುವ ಮನೆ ನಮ್ಮದು. ಆ ಮಾತ್ರೆಯೂ ಒಂದು ಕೊಡೆ ಅನ್ನುವುದು ಮಾವನಿಗೂ ಹೊಳೆಯಲಿಲ್ಲ, ಅವರಿಂದ ಆ ಮಾತು ಕೇಳಿದ್ದ ನನಗೂ ಹೊಳೆಯಲಿಲ್ಲ.

2014ರ ಜುಲೈ, ಪುಷ್ಯ ಮಳೆ. ಮೂರು ದಿನದಿಂದ ಕರೆಂಟಿಲ್ಲ. ಬೆಳಿಗ್ಗೆ ಆರರ ಹೊತ್ತಿಗೆ ಬಚ್ಚಲೊಲೆಯ ಮುಂದೆ ಕೂತಿದ್ದ ಮಾವನ ಕೈಯಿಂದ ಕಾಫಿ ಲೋಟ ಜಾರಿತು. ಬಿದ್ದ ಲೋಟವನ್ನು ಎತ್ತಲು ಹೋದರು. ಬಲಗೈ ಏಳಲಿಲ್ಲ. ತಮ್ಮ ಕೈಯನ್ನು ತಾವೇ ಯಾರದೋ ಕೈ ನೋಡಿದ ಹಾಗೆ ನೋಡಿದರು. ಅತ್ತೆ "ಎಂತಾಯ್ತು?" ಅಂದರೆ ಬಂದ ಉತ್ತರ ಬಾಯೊಳಗೇ ಮುದ್ದೆಯಾಯಿತು. ತುಟಿ ಒಂದು ಕಡೆಗೆ ಎಳೆದಿತ್ತು.

ನಾವು ಮಾಡಿದ್ದೇನು ಗೊತ್ತಾ? ವಾಯು ಇರಬೇಕು ಅಂದೆವು. ಎಳ್ಳೆಣ್ಣೆ ಬಿಸಿ ಮಾಡಿ ಕೈಗೆ ತಿಕ್ಕಿದೆವು. ಅತ್ತೆ ಶುಂಠಿ ಕಷಾಯ ಮಾಡಿ ಕುಡಿಸಿದರು. ಅದು ಅರ್ಧ ಒಳಗೆ ಅರ್ಧ ಹೊರಗೆ. ನುಂಗಲು ಬಾರದ ಹೊತ್ತಿನಲ್ಲಿ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ ಅನ್ನುವುದು ನಮಗೆ ಆಮೇಲೆ ತಿಳಿಯಿತು. ಸ್ವಲ್ಪ ಮಲಗಲಿ, ಸರಿ ಹೋಗುತ್ತೆ ಅಂತ ಎರಡು ಗಂಟೆ ಕಾದೆವು. ಆಮೇಲೆ ಪಕ್ಕದ ಮನೆಯವರ ಜೀಪು ಬಂತು. ತೀರ್ಥಹಳ್ಳಿಯಲ್ಲಿ ನೋಡಿದ ಡಾಕ್ಟರು ಕೂರಲೂ ಬಿಡಲಿಲ್ಲ. ತಲೆ ಸ್ಕ್ಯಾನ್ ಆಗಬೇಕು, ಶಿವಮೊಗ್ಗಕ್ಕೆ ಹೊರಡಿ ಅಂದರು. ಸುಮಾರು 60 ಕಿಲೋಮೀಟರ್. ಮಂಡಗದ್ದೆ ಹತ್ತಿರ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಶಿವಮೊಗ್ಗದಲ್ಲಿ ಇಳಿದಾಗ ಹನ್ನೆರಡೂವರೆ.

ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬರುವ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ತಲುಪಿದ್ದು ಆರೂವರೆ ಗಂಟೆ ಕಳೆದ ಮೇಲೆ. ಚಿಕ್ಕ ವಯಸ್ಸಿನ ಡಾಕ್ಟರು ಬಹಳ ಮೆತ್ತಗೆ ಹೇಳಿದರು. ಬಾಯಿ ವಾರೆ, ಕೈ ಸೋಲು, ಮಾತು ತೊದಲು, ಈ ಮೂರರಲ್ಲಿ ಒಂದು ಕಂಡರೂ ಕಾಯಬಾರದಿತ್ತು ಅಂತ. ನನಗೆ ಅಲ್ಲೇ ಆ ಎಳ್ಳೆಣ್ಣೆ ವಾಸನೆ ಬಂತು. ಕೈ ತೊಳೆಯದೆಯೇ ಹೊರಟಿದ್ದೆ.

ಮಾವ ಇನ್ನೂ ಮೂರು ವರ್ಷ ಬದುಕಿದರು. ಬಲಗೈ ಬರಲಿಲ್ಲ. ಮಾತು ಅಷ್ಟಿಷ್ಟು ಬಂತು. ಮೇ ತಿಂಗಳಲ್ಲಿ ಜಗಲಿ ಮೇಲೆ ಕೂತು, ಎಡಗೈಯಲ್ಲಿ ಡ್ರಮ್ಮಿನ ಕಡೆ ತೋರಿಸಿ "ಕ... ಕತ್ತಿ" ಅನ್ನುತ್ತಿದ್ದರು. ಕತ್ತಿ ಅದ್ದಿ ನೋಡಿದಿರಾ ಅಂತ.

ಇನ್ನು ನನ್ನ ಕಥೆ. ಇದನ್ನು ಬರೆಯುವಾಗ ಸ್ವಲ್ಪ ನಾಚಿಕೆಯಾಗುತ್ತಿದೆ. ನಾನು 1997ರಿಂದ ಎಂಟನೇ ತರಗತಿಗೆ ಚಕ್ರಬಡ್ಡಿ ಕಲಿಸುತ್ತಿದ್ದೇನೆ. ಮಕ್ಕಳು ಸೂತ್ರ ಬಾಯಿಪಾಠ ಮಾಡುತ್ತಾರೆ, ನಾನು ಕೆಂಪು ಶಾಯಿಯಲ್ಲಿ ಸರಿ ಹಾಕುತ್ತೇನೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅನ್ನುವ ಚುಟುಕು ಲೆಕ್ಕವನ್ನೂ ಹೇಳಿಕೊಡುತ್ತೇನೆ. ಆಗ ಪಿಪಿಎಫ್ ಎಂಬ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆಗೆ ಶೇ 12 ಬಡ್ಡಿ ಇತ್ತು. ಅಂದರೆ ಆರು ವರ್ಷಕ್ಕೆ ಎರಡು ಪಟ್ಟು. ಅಂಚೆ ಕಚೇರಿ ನಮ್ಮ ಶಾಲೆಯ ಎದುರಿಗೇ ಇತ್ತು. ಅಲ್ಲಿ ಖಾತೆ ತೆರೆಯಲು ರಸ್ತೆ ದಾಟುವುದಕ್ಕೆ ನನಗೆ ಹದಿನೈದು ವರ್ಷ ಬೇಕಾಯಿತು. 2012ರಲ್ಲಿ ತೆರೆದೆ. ಅಷ್ಟರಲ್ಲಿ ಆ ಶೇ 12 ಯಾವತ್ತೋ ಹೋಗಿತ್ತು. 2020ರ ಏಪ್ರಿಲ್‌ನಿಂದ ಅದು ಶೇ 7.1.

ಅಲ್ಲಿಯವರೆಗೆ ಸಂಬಳ ಎಲ್ಲಿ ಹೋಯಿತು ಅಂತ ಕೇಳಬೇಡಿ. ಸಂಬಳ ಕಡಿಮೆ, ಉಳಿಸುವಷ್ಟು ಬರಲಿ ಆಮೇಲೆ ಉಳಿಸೋಣ ಅಂತ. ಈಗ ಮಕ್ಕಳಿಗೆ ನನ್ನದೇ ಲೆಕ್ಕ ಕೊಡುತ್ತೇನೆ, ಹೆಸರು ಮಾತ್ರ ಬೇರೆ. ಅಕ್ಕ ತಿಂಗಳಿಗೆ 500 ರೂಪಾಯಿಯಂತೆ ಕೂಡಿಸಿ ವರ್ಷದ ಕೊನೆಗೆ 6,000 ಕಟ್ಟುತ್ತಾಳೆ, 30 ವರ್ಷ. ತಂಗಿ ಹದಿನೈದು ವರ್ಷ ಸುಮ್ಮನಿದ್ದು, ಆಮೇಲೆ ಅಕ್ಕನ ಎರಡರಷ್ಟು, ವರ್ಷಕ್ಕೆ 12,000ದಂತೆ 15 ವರ್ಷ ಕಟ್ಟುತ್ತಾಳೆ. ಇಬ್ಬರೂ ಕೈಯಿಂದ ಹಾಕಿದ್ದು ತಲಾ 1,80,000. ಶೇ 8ರ ಚಕ್ರಬಡ್ಡಿಯಲ್ಲಿ ತಂಗಿಗೆ ಸಿಗುವುದು ಸುಮಾರು 3 ಲಕ್ಷ 26 ಸಾವಿರ. ಅಕ್ಕನಿಗೆ ಸುಮಾರು 6 ಲಕ್ಷ 80 ಸಾವಿರ. ಹಲಗೆ ಮೇಲೆ ಉತ್ತರ ಬಂದಾಗ ಮಕ್ಕಳು "ಟೀಚರ್, ತಂಗಿ ಪೆದ್ದಿ" ಅಂತ ನಗುತ್ತಾರೆ. ನಾನು ಹಲಗೆ ಒರೆಸುತ್ತೇನೆ.

ತಂಗಿ ಬರೀ ತಡ ಮಾಡಿದ್ದಲ್ಲ, ದಾಕ್ಷಿಣ್ಯದಲ್ಲೂ ಸಿಕ್ಕಿಬಿದ್ದಳು.

ಮಲೆನಾಡಿನವರಿಗೆ ದಾಕ್ಷಿಣ್ಯ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಹೊಟ್ಟೆ ತುಂಬಿದ್ದರೂ ಇನ್ನೊಂದು ಕಡುಬು ಹಾಕಿಸಿಕೊಳ್ಳುತ್ತೇವಲ್ಲ, ಅದೇ. ಕಡುಬಾದರೆ ಜೀರ್ಣವಾಗುತ್ತದೆ. 2009ರಲ್ಲಿ ನಮ್ಮವರ ಕಡೆಯ ದೂರದ ಸಂಬಂಧಿಯೊಬ್ಬರು ಬಂದರು. ಸೊಸೈಟಿಯೊಂದರಲ್ಲಿ ಸಾಲ ತೆಗೆಯುತ್ತಿದ್ದಾರೆ, ಸರ್ಕಾರಿ ಸಂಬಳದವರ ಜಾಮೀನು ಬೇಕಂತೆ. "ಸುಮ್ನೆ ಒಂದು ಸಹಿ ಅತ್ತಿಗೆ, ಫಾರ್ಮಾಲಿಟಿ." ಅವರ ಹೆಂಡತಿ ಮಿಡಿ ಉಪ್ಪಿನಕಾಯಿ ಡಬ್ಬಿಯನ್ನೂ ತಂದಿದ್ದರು. ನಾನು ಕಾಫಿ ಕೊಟ್ಟೆ, ಸಹಿ ಹಾಕಿದೆ, ಡಬ್ಬಿ ತೆಗೆದುಕೊಂಡೆ. ಫಾರ್ಮು ಓದಲಿಲ್ಲ. ಅವರೆದುರು ಓದಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರಲ್ಲ!

ಕಂತು ನಿಂತು ವರ್ಷವಾದ ಮೇಲೆ ನೋಟಿಸು ಬಂದದ್ದು ನನ್ನ ಹೆಸರಿಗೆ. ಮೊದಲು ಅವರನ್ನು ಹಿಡಿಯಿರಿ, ಅವರ ಹತ್ತಿರ ಇಲ್ಲದಿದ್ದರೆ ಆಮೇಲೆ ನನ್ನ ಹತ್ತಿರ ಬನ್ನಿ ಅಂತ ನಾನು ವಾದಿಸಿದೆ. ಪರಿಚಯದ ವಕೀಲರು ಪುಸ್ತಕ ತೆಗೆದು ತೋರಿಸಿದರು. 1872ರ ಕರಾರು ಕಾಯ್ದೆ, 128ನೇ ಕಲಂ. ಬೇರೆ ಷರತ್ತು ಬರೆದಿರದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲ ಕೊಟ್ಟವರು ಮೊದಲು ಸಾಲಗಾರನ ಬೆನ್ನು ಹತ್ತಬೇಕು ಅಂತಿಲ್ಲ, ನೇರ ನನ್ನ ಹತ್ತಿರವೇ ಬರಬಹುದು. ಒಂದು ಸಹಿ ಅಂದರೆ ಪೂರ್ತಿ ಸಾಲ. ಎರಡು ವರ್ಷ ಹತ್ತು ತಿಂಗಳು ನನ್ನ ಸಂಬಳದಿಂದ ಹಣ ಹೋಯಿತು.

ಆ ಸಂಬಂಧಿ ಈಗಲೂ ಮದುವೆ ಮನೆಗಳಲ್ಲಿ ಸಿಗುತ್ತಾರೆ. ಪಕ್ಕದಲ್ಲೇ ಕೂತು "ಆರಾಮಾ ಅತ್ತಿಗೆ?" ಅಂತಾರೆ. ನಾನೂ "ಆರಾಮು" ಅನ್ನುತ್ತೇನೆ. ನೋಡಿ, ದಾಕ್ಷಿಣ್ಯ ಇನ್ನೂ ಪೂರ್ತಿ ಹೋಗಿಲ್ಲ.

ಅಮ್ಮ ನನ್ನ ಚಿಕ್ಕಂದಿನಿಂದ ಹೇಳುತ್ತಿದ್ದ ಗಾದೆ ಒಂದಿತ್ತು: ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ. ಗಾದೆ ಕೇಳಿ ಕಿಸಕ್ಕನೆ ನಗುತ್ತಿದ್ದೆವೇ ಹೊರತು ಅದು ಒಂದು ದಿನ ಫಾರ್ಮಿನ ರೂಪದಲ್ಲಿ ಮನೆಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಈಗ ಯಾರಾದರೂ ಜಾಮೀನಿಗೆ ಬಂದರೆ ನನ್ನ ಹತ್ತಿರ ಒಂದು ಮಾತು ತಯಾರಿದೆ. "ಸಹಿ ಹಾಕಲ್ಲ. ಹತ್ತು ಸಾವಿರ ಬೇಕಾದರೆ ಕೊಡ್ತೀನಿ, ವಾಪಸ್ ಕೊಡದಿದ್ರೂ ಬೇಜಾರಿಲ್ಲ." ಮೊದಲ ಸಲ ಇದನ್ನು ಹೇಳಿದಾಗ ಕೈ ನಡುಗಿತ್ತು. ಅವರು ಹತ್ತು ಸಾವಿರ ತೆಗೆದುಕೊಳ್ಳದೆ ಎದ್ದು ಹೋದರು, ಎರಡು ವರ್ಷ ಮಾತು ಬಿಟ್ಟರು. ಈಗ ಮತ್ತೆ ಆಡುತ್ತಾರೆ. ಹೇಳುವಷ್ಟು ನಷ್ಟವೇನೂ ಆಗಲಿಲ್ಲ.

ಹಾಗಂತ, ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಬರುವ 'ಜನ ಏನಂತಾರೆ ಅಂತ ತಲೆ ಕೆಡಿಸಿಕೊಳ್ಳಬೇಡಿ' ಅನ್ನುವ ಉಪದೇಶವನ್ನು ನಾನು ಒಪ್ಪುವುದಿಲ್ಲ. ಅದನ್ನು ಬರೆದವರು ಯಾರೋ ಅಪಾರ್ಟ್‌ಮೆಂಟಿನವರಿರಬೇಕು. ಅವತ್ತು ಜೀಪು ತಂದವರ ಜೊತೆ ನಮಗೆ ಬೇಲಿ ವಿಷಯಕ್ಕೆ ಎಂಟು ವರ್ಷದ ಜಗಳ ಇತ್ತು. ಮಾವನನ್ನು ಹೊದಿಕೆ ಸಮೇತ ಎತ್ತಿ ಜೀಪಿನಲ್ಲಿ ಮಲಗಿಸಿದವರು ಅವರೇ. ಮಂಡಗದ್ದೆ ಹತ್ತಿರ ಬಿದ್ದ ಮರವನ್ನು ಕಡಿದದ್ದು ಯಾವ ಇಲಾಖೆಯೂ ಅಲ್ಲ, ಬಸ್ಸಿನಿಂದ ಇಳಿದ ಗಂಡಸರು ಮತ್ತು ಹತ್ತಿರದ ಮನೆಯಿಂದ ಕೊಡಲಿ ಹಿಡಿದು ಓಡಿಬಂದವರು. ಹದಿನಾಲ್ಕು ಮನೆಯ ಊರಿನಲ್ಲಿ ಜನ ಏನಂತಾರೆ ಅನ್ನುವುದು ಬೇಕಾಗುತ್ತದೆ. ಯಾವುದಕ್ಕೆ ಅನ್ನುವುದನ್ನು ಮಾತ್ರ ಆರಿಸಿಕೊಳ್ಳಬೇಕು. ನಾನು ತಪ್ಪಾಗಿ ಆರಿಸಿಕೊಂಡಿದ್ದೆ.

ಅದರಲ್ಲಿ ಒಂದು ಸ್ಕೂಟರು.

ಮನೆಯಿಂದ ಬಸ್ ಸ್ಟಾಪಿಗೆ ಮೂರು ಕಿಲೋಮೀಟರ್ ಮಣ್ಣು ರಸ್ತೆ. ಹದಿನೆಂಟು ವರ್ಷ ನಾನು ಯಾರಾದರೂ ಬಿಟ್ಟು ಬರಲಿ ಅಂತ ಕಾದಿದ್ದೇನೆ. ಇವರು, ಮೈದುನ, ಹಾಲಿನ ವ್ಯಾನು, ಯಾರೂ ಇಲ್ಲದ ದಿನ ಕೊಡೆ ಹಿಡಿದು ನಡಿಗೆ. ಮಳೆಗಾಲದಲ್ಲಿ ಶಾಲೆ ತಲುಪುವಾಗ ಸೀರೆ ಮೊಣಕಾಲಿನವರೆಗೆ ಒದ್ದೆ, ಕಾಲಲ್ಲಿ ಉಂಬಳ. ತವರಿಗೆ ಹೋಗಬೇಕಾದರೂ ಇನ್ನೊಬ್ಬರ ಪುರಸೊತ್ತು ಕೇಳಬೇಕು. ಸ್ಕೂಟರು ಕಲಿಯೋಣ ಅಂದುಕೊಂಡಾಗಲೆಲ್ಲ ಬಿದ್ದರೆ ಜನ ನಗುತ್ತಾರೆ ಅನ್ನಿಸುತ್ತಿತ್ತು. 2016ರ ಬೇಸಿಗೆ ರಜೆಯಲ್ಲಿ, ನಲವತ್ತೆರಡನೇ ವಯಸ್ಸಿನಲ್ಲಿ, ಭತ್ತ ಕೊಯ್ದು ಒಣಗಿದ ಗದ್ದೆಯಲ್ಲಿ ಕಲಿತೆ. ಕಲಿಸಿದವನು ಒಂಬತ್ತನೇ ತರಗತಿಯ ನನ್ನದೇ ವಿದ್ಯಾರ್ಥಿ. ಅವನಿಗೆ ಗಣಿತದಲ್ಲಿ 35 ಬರುವುದು ಕಷ್ಟ. "ಟೀಚರ್, ಮುಂದೆ ನೋಡಿ. ಚಕ್ರ ಅಲ್ಲ, ಮುಂದೆ ನೋಡಿ" ಅಂತ ಒಂದೇ ಮಾತನ್ನು ನೂರು ಸಲ ಹೇಳಿದ. ಒಂದು ಸಲವೂ ಬೇಸರಪಟ್ಟುಕೊಳ್ಳಲಿಲ್ಲ. ಅವನಿಗೆ ಲಸಾಅ ಹೇಳಿಕೊಡುವಾಗ ನಾನು ಎಷ್ಟು ಸಲ ಸೀಮೆಸುಣ್ಣ ಎಸೆದಿದ್ದೆ ಅಂತ ಅವತ್ತು ನೆನಪಾಯಿತು.

ಬಿದ್ದೆ. ಎರಡು ಸಲ. ಗದ್ದೆ ಬದುವಿನ ಮೇಲೆ ಕೂತಿದ್ದ ಇಬ್ಬರು ಹೆಂಗಸರು ನಕ್ಕರು. ಮುಂದಿನ ವರ್ಷ ಅವರಲ್ಲಿ ಒಬ್ಬಳು ಬಂದು "ಟೀಚರಮ್ಮ, ನಂಗೂ ಕಲಿಸ್ತೀರಾ?" ಅಂದಳು.

ಜಮೀನಿನ ಖಾತೆಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ನೆನಪಾದರೆ ಈಗಲೂ ತಲೆ ಬಿಸಿಯಾಗುತ್ತದೆ. ಮಾವ ಹೋದ ಮೇಲೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಂತ ಪಹಣಿ ತೆಗೆಸಿದರೆ ಜಮೀನು ಇನ್ನೂ ಮಾವನ ತಂದೆಯ ಹೆಸರಿನಲ್ಲಿತ್ತು. ಅವರು ತೀರಿಕೊಂಡದ್ದು 1981ರಲ್ಲಿ, ಮರಣ ನೋಂದಣಿಯೇ ಆಗಿಲ್ಲ. ಒಂದು ವರ್ಷ ದಾಟಿದ ಮರಣವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೂವತ್ತಾರು ವರ್ಷದ ಹಿಂದಿನ ಸಾವಿಗೆ ಸಾಕ್ಷಿ ಎಲ್ಲಿಂದ ತರುವುದು? ಹೆಣ ಹೊತ್ತ ನಾಲ್ವರಲ್ಲಿ ಮೂವರು ಇಲ್ಲ, ನಾಲ್ಕನೆಯವರಿಗೆ ಮರೆವು. ವಂಶವೃಕ್ಷದಲ್ಲಿ ಮಾವನ ತಂಗಿಯರ ಹೆಸರು ಬರಬೇಕು, ಅವರ ಮಕ್ಕಳು ಪುಣೆಯಲ್ಲೊಬ್ಬರು, ದಾವಣಗೆರೆಯಲ್ಲೊಬ್ಬರು. ಖಾತೆ ನಮ್ಮ ಹೆಸರಿಗೆ ಬರಲು ನಾಲ್ಕು ವರ್ಷ ಹಿಡಿಯಿತು. ಮನೆಯಲ್ಲಿ ಹಿರಿಯರು ಇರುವಾಗ ಆಸ್ತಿ ಪತ್ರದ ಮಾತೆತ್ತಿದರೆ 'ಸಾಯಲಿ ಅಂತ ಕಾಯ್ತಿದ್ದಾರೆ' ಅಂದಾರು ಅನ್ನುವ ಅಳುಕು. ಇದೂ ದಾಕ್ಷಿಣ್ಯದ್ದೇ ಇನ್ನೊಂದು ಮುಖ. ಒಂದು ಮಳೆಗಾಲದ ಮಧ್ಯಾಹ್ನ ಪಹಣಿ ಹಿಡಿದುಕೊಂಡು ಮಾವನ ಪಕ್ಕ ಕೂತಿದ್ದರೆ ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಗಡಿ ಕಲ್ಲು ಎಲ್ಲೆಲ್ಲಿದೆ ಅಂತಲೂ ಖುಷಿಯಿಂದ ಹೇಳುತ್ತಿದ್ದರು. ಈಗ ಎರಡು ಕಲ್ಲು ಸಿಕ್ಕಿಲ್ಲ.

ಇಷ್ಟೆಲ್ಲ ಆದ ಮೇಲೆ ನಾನು ಬುದ್ಧಿವಂತೆಯಾದೆ ಅಂದುಕೊಂಡಿರಾ? ಸಂಬಳ ಕಡಿತ ಮುಗಿದು ಮೂರೇ ವರ್ಷಕ್ಕೆ ಸಹೋದ್ಯೋಗಿಯೊಬ್ಬರು ಜಾಮೀನಿಗೆ ಕೇಳಿದರು. ಪೆನ್ನಿನ ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ಶಾಲೆಯ ಬೆಲ್ಲು ಹೊಡೆಯಿತು, ಕ್ಲಾಸಿಗೆ ಎದ್ದು ಹೋದೆ. ಆ ಪೀರಿಯಡ್ಡಿನಲ್ಲಿ ಯೋಚನೆ ಬಂದು ಉಳಿದೆ. ಕಲಿತದ್ದು ನೆಚ್ಚಿಕೊಳ್ಳುವಂಥದ್ದಲ್ಲ, ತೊಳೆದುಹೋಗುತ್ತದೆ.

ಕೊಳೆ ಔಷಧಿಯೂ ಹಾಗೆಯೇ. ಮೇ ಕೊನೆಗೆ ಹೊಡೆದದ್ದು ಆಷಾಢದ ಮಳೆಗೆ ನಿಧಾನ ತೊಳೆಯುತ್ತದೆ, ಜೊತೆಗೆ ಕಾಯಿ ದಪ್ಪವಾಗುತ್ತಾ ಹೋಗುತ್ತದೆ. ಬೆಳೆದ ಭಾಗಕ್ಕೆ ಹಳೆ ಲೇಪ ಸಾಲುವುದಿಲ್ಲ. ಅದಕ್ಕೇ ನಲವತ್ತು, ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಯಬೇಕು, ಮಳೆ ಮುಂದುವರಿದರೆ ಮೂರನೇ ಸಲ. ಮೊದಲನೆಯದಕ್ಕೆ ಎಲ್ಲರಿಗೂ ಉತ್ಸಾಹ. ಎರಡನೆಯದಕ್ಕೆ ಮಳೆ ಬಿಡುವು ಕೊಡಬೇಕು, ಜಾರುವ ಮರ ಹತ್ತುವವರು ಸಿಗಬೇಕು, ಕೈಯಲ್ಲಿ ದುಡ್ಡಿರಬೇಕು. ನಮ್ಮ ಕಡೆ ಕೊಳೆ ಬಂದು ತೋಟ ಹೋಯಿತು ಅನ್ನುವವರನ್ನು ವಿಚಾರಿಸಿ ನೋಡಿ, ಬಹಳ ಜನ ಮೊದಲನೆಯದನ್ನು ಸರಿಯಾಗಿಯೇ ಹೊಡೆದಿರುತ್ತಾರೆ.

ಹೋದ ವರ್ಷ ನನಗೂ ಬಿಪಿ ಅಂತ ಗೊತ್ತಾಯಿತು. 150, 96. ಮಾತ್ರೆಯ ಹಾಳೆಯನ್ನು ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿಯ ಮೇಲೆ ಇಟ್ಟಿದ್ದೇನೆ. ಡಬ್ಬಿ ತೆಗೆಯದೆ ನನಗೆ ಬೆಳಗಾಗುವುದಿಲ್ಲ, ಹಾಳೆ ಎತ್ತದೆ ಡಬ್ಬಿ ತೆಗೆಯಲು ಆಗುವುದಿಲ್ಲ. ಎರಡು ತಿಂಗಳಿಗೆ 128 ಬಂತು. "ಸರಿಯಾಯ್ತಲ್ಲ" ಅನ್ನುವ ಮಾತು ನನ್ನ ಬಾಯಲ್ಲೂ ಬಂತು, ಮಾವನದ್ದೇ ಧಾಟಿಯಲ್ಲಿ. ಅತ್ತೆ ಒಲೆ ಮುಂದಿನಿಂದ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ನಾನು ಮಾತ್ರೆ ನುಂಗಿದೆ.

ಮೊನ್ನೆ ಭಾನುವಾರ ಔಷಧಿ ಹೊಡೆಸಿದೆವು. ಮಗ ಬೆಂಗಳೂರಿನಿಂದ ಬಂದಿದ್ದ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ತಕ್ಕಡಿಯಲ್ಲಿ ತೂಗಿ, ಬಲು ಶಿಸ್ತಾಗಿ ಕಲಸಿದ. ಮರ ಹತ್ತುವ ಇಬ್ಬರು ಪಂಪು ಹೆಗಲಿಗೇರಿಸಿ ತಯಾರಾಗಿದ್ದರು. ಪಶ್ಚಿಮಕ್ಕೆ ಕಪ್ಪು ಏರುತ್ತಿತ್ತು. ಮಗನಿಗೆ ಅವಸರ.

"ಕತ್ತಿ ಅದ್ದಿದ್ಯಾ?" ಅಂದೆ.

"ಅಳತೆ ಕರೆಕ್ಟಾಗಿದೆ ಅಮ್ಮ. ಒಂದಕ್ಕೆ ಒಂದು."

ಲೆಕ್ಕ ಸರಿಯೇ ಇತ್ತು. ಆದರೆ ಸುಣ್ಣದ ಚೀಲ ಮಾರ್ಚಿನಿಂದ ಬಾಯಿ ಬಿಚ್ಚಿಕೊಂಡು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಗಾಳಿಗೆ ಬಿಟ್ಟ ಸುಣ್ಣಕ್ಕೆ ಕಸುವು ಇರುವುದಿಲ್ಲ. ಒಳಗೆ ಹೋಗಿ ಮಾವನ ಕತ್ತಿ ತಂದು, ಮರಳಿನಲ್ಲಿ ತಿಕ್ಕಿ, ತುದಿಯನ್ನು ಡ್ರಮ್ಮಿನಲ್ಲಿ ಇಳಿಬಿಟ್ಟೆ. ಎಲ್ಲರೂ ಸುಮ್ಮನೆ ನಿಂತರು. ಜಗಲಿ ಮೇಲಿಂದ ಅತ್ತೆಯೂ ಕತ್ತು ಚಾಚಿದರು.

ತೆಗೆದಾಗ ತುದಿಯಲ್ಲಿ ಉಗುರಿನಷ್ಟು ಅಗಲ ಕೆಂಪು.

ಮಗ ಬಗ್ಗಿ ನೋಡಿದ. ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಕೊಟ್ಟಿಗೆಯಲ್ಲಿ ಒಡೆಯದ ಇನ್ನೊಂದು ಚೀಲ ಇತ್ತು. ಅದನ್ನು ಬಿಚ್ಚಿ, ಬಕೆಟ್ಟಿನಲ್ಲಿ ಕಲಸಿ, ಸ್ವಲ್ಪ ಸ್ವಲ್ಪವೇ ಹೊಯ್ದು ತಿರುವಿದ. ಈ ಸಲ ನಾನು ಹೇಳುವ ಮೊದಲೇ ಕತ್ತಿಗೆ ಕೈ ಚಾಚಿದ. ಕೊಟ್ಟೆ.